ಡಮಾಮಿ ಕೇಳುವ ಬಗೆ, ಕವಂದಿ ನೋಡುವ ಬಗೆ: ಸಿದ್ದಿಗಳ ಕಲೆಗೆ ರಸಿಕರ ಕೈಪಿಡಿ

ಡಮಾಮಿ ಒಂದು ಚರ್ಮವಾದ್ಯ. ಅದರ ಸುತ್ತ ಕೂತು ಹಾಡುವ ಹಾಡಿಗೂ, ಆ ಹಾಡಿಗೆ ಎದ್ದು ಹಾಕುವ ಹೆಜ್ಜೆಗೂ ಅದೇ ಹೆಸರು. ಕವಂದಿ ಹಳೆ ಬಟ್ಟೆಯ ತುಂಡುಗಳಿಂದ ಕೈಯಲ್ಲಿ ಹೊಲಿದ ಹೊದಿಕೆ. ಗದಗ ಸೀಮೆಯವರು ಕೌದಿ ಎನ್ನುವ ಜಾತಿಯದೇ. ಇವೆರಡೂ ಸಿದ್ದಿಗಳ ಕಲೆಗಳು. ಆಫ್ರಿಕಾದ ಪೂರ್ವ ಕರಾವಳಿಯಿಂದ ಕಡಲು ದಾಟಿಸಿ ತಂದ ಜನರ ವಂಶಸ್ಥರಾದ ಸಿದ್ದಿಗಳು ಇಂದು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿ ತಾಲ್ಲೂಕುಗಳಲ್ಲಿ, ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಧಾರವಾಡ ಜಿಲ್ಲೆಯ ಕಲಘಟಗಿ ಕಡೆಯ ಕಾಡಂಚಿನ ಊರುಗಳಲ್ಲಿ ನೆಲೆಸಿದ್ದಾರೆ. ಗದಗಿನಿಂದ ಬಿಂಕದಕಟ್ಟಿ, ಹುಲಕೋಟಿ ಮೇಲೆ ಹುಬ್ಬಳ್ಳಿಗೆ ಹೋಗುವ ಹೆದ್ದಾರಿ ಅಲ್ಲಿಂದ ಕಲಘಟಗಿ, ಯಲ್ಲಾಪುರ ಹಾದು ಘಟ್ಟ ಇಳಿದು ಅಂಕೋಲೆಯ ಕಡಲಿಗೆ ಮುಟ್ಟುತ್ತದೆ. ಬಯಲು ಸೀಮೆಯ ಎರೆಹೊಲದಿಂದ ಸಿದ್ದಿಗಳ ಕಾಡಿಗೆ ಅರ್ಧ ದಿನದ ದಾರಿ. ಆದರೂ ಈ ಕಡೆಯ ಬಹುಪಾಲು ಜನ ಸಿದ್ದಿಗಳ ದನಿಯನ್ನು ಮೊದಲು ಕೇಳಿದ್ದು 2021ರ ‘ಸಲಗ’ ಸಿನಿಮಾದ ಹಾಡಿನಲ್ಲಿ. ಅದನ್ನು ಗಿರಿಜಾ ಸಿದ್ದಿ, ಗೀತಾ ಸಿದ್ದಿ, ಚನ್ನಕೇಶವ ಸಿದ್ದಿ ಹಾಡಿದ್ದರು. ಆ ಹಾಡು ಹಿಡಿಸಿದವರು ಅಲ್ಲಿಗೇ ನಿಲ್ಲದೆ ಮೂಲದ ಅಂಗಳದವರೆಗೆ ಹೋಗಬೇಕಾದರೆ ಕಣ್ಣು ಕಿವಿಗಳಿಗೆ ತುಸು ತಯಾರಿ ಬೇಕು.

ಮೊದಲು ಇತಿಹಾಸ. ದಖ್ಖನ್ನಿಗೆ ಆಫ್ರಿಕನ್ನರು ಬಂದದ್ದು ಒಂದೇ ಸಲಕ್ಕಲ್ಲ, ಒಂದೇ ದಾರಿಯಿಂದಲೂ ಅಲ್ಲ. ಅರಬ್ ವ್ಯಾಪಾರಿಗಳ ಮೂಲಕ ಬಂದ ಹಬಶಿಗಳು ಸುಲ್ತಾನರ ಸೈನ್ಯ ಸೇರಿ ದೊಡ್ಡ ಪದವಿಗಳಿಗೇರಿದರು. ಅಹಮದನಗರದ ನಿಜಾಮಶಾಹಿಯನ್ನು ಎತ್ತಿಹಿಡಿದ ಮಲಿಕ್ ಅಂಬರ್ (1548–1626), ವಿಜಯಪುರದ ಆದಿಲಶಾಹಿ ಆಸ್ಥಾನದಲ್ಲಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಈ ಸಾಲಿನವರು. ಕಾಡಿನ ಸಿದ್ದಿಗಳ ಕತೆ ಬೇರೆ. ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಪೋರ್ತುಗೀಜರು ಮೊಜಾಂಬಿಕ್ ಕಡೆಯಿಂದ ಗೋವೆಗೆ ಗುಲಾಮರನ್ನು ತರುತ್ತಲೇ ಇದ್ದರು. ಅವರಲ್ಲಿ ಯಜಮಾನರ ಕೈ ತಪ್ಪಿಸಿಕೊಂಡು ಗಡಿ ದಾಟಿ ಸಹ್ಯಾದ್ರಿಯ ದಟ್ಟ ಕಾಡು ಹೊಕ್ಕವರ ಮಕ್ಕಳು ಮೊಮ್ಮಕ್ಕಳೇ ಇಂದಿನ ಸಿದ್ದಿಗಳಲ್ಲಿ ಹೆಚ್ಚಿನವರು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಬ್ರಿಟಿಷ್ ಭಾರತದಲ್ಲಿ 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದುಹಾಕಿತು. ಪೋರ್ತುಗೀಜರ ವಸಾಹತುಗಳಲ್ಲಿ ಅದಕ್ಕೆ 1869ರವರೆಗೆ ಕಾಯಬೇಕಾಯಿತು. ಕಾನೂನು ಬಿಡಿಸಿದರೂ ಹೊಟ್ಟೆ ಬಿಡಲಿಲ್ಲ. ಕಾಡಿಗೆ ಬಂದ ಸಿದ್ದಿಗಳು ಅಡಿಕೆ ತೋಟ, ಗದ್ದೆಗಳಲ್ಲಿ ಸಾಲಕ್ಕೆ ಸಿಕ್ಕು ಜೀತಕ್ಕೆ ನಿಂತರು. 1976ರ ಜೀತ ನಿರ್ಮೂಲನ ಕಾಯ್ದೆ ಬರುವವರೆಗೂ, ಕೆಲವೆಡೆ ಅದು ಬಂದ ಮೇಲೂ, ತಲೆಮಾರಿನಿಂದ ತಲೆಮಾರಿಗೆ ಸಾಲವೇ ಆಸ್ತಿಯಾಗಿ ಇಳಿದು ಬಂತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳವರಿಗೆ ಆ ಸವಲತ್ತು ಸಿಕ್ಕಿದ್ದು 2020ರ ತಿದ್ದುಪಡಿಯಿಂದ.

ಈ ಜನರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮನೆಮಾತು ಹೆಚ್ಚಾಗಿ ಕೊಂಕಣಿಯ ಒಂದು ಬಗೆ. ಮುಸ್ಲಿಂ ಸಿದ್ದಿಗಳಲ್ಲಿ ಉರ್ದು. ಹೊರಗೆ ಎಲ್ಲರೂ ಕನ್ನಡ ಆಡುತ್ತಾರೆ, ಗಡಿ ಕಡೆಯವರಿಗೆ ಮರಾಠಿಯೂ ಬರುತ್ತದೆ. ಆಫ್ರಿಕಾದ ಯಾವ ಭಾಷೆಯೂ ಆಡುಮಾತಾಗಿ ಉಳಿದಿಲ್ಲ. ಹೊಸ ರಸಿಕನನ್ನು ದಾರಿ ತಪ್ಪಿಸುವುದು ಈ ಸಂಗತಿಯೇ. ಭಾಷೆ ಹೋಯಿತು, ಹೆಸರು ಹೋಯಿತು, ದೇವರೂ ಬದಲಾಯಿತು, ಇನ್ನುಳಿದದ್ದೇನು ಎಂದು ಅವನು ಕೇಳುತ್ತಾನೆ. ಇಲ್ಲವೇ ಅದಕ್ಕೆ ವಿರುದ್ಧವಾಗಿ, ಡಮಾಮಿಯ ಪ್ರತಿ ಪೆಟ್ಟಿನಲ್ಲೂ ಆಫ್ರಿಕಾವನ್ನೇ ಹುಡುಕುತ್ತಾನೆ. ಎರಡೂ ತಪ್ಪು ದಾರಿ. ಸಿದ್ದಿಗಳ ಕಲೆಯಲ್ಲಿ ಸರಕು ಬಹುಮಟ್ಟಿಗೆ ಸ್ಥಳೀಯ: ಕೊಂಕಣಿ ಮಾತು, ಕರಾವಳಿಯ ಗುಮಟೆ, ಪೇಟೆಯ ಹರಿದ ಸೀರೆ. ಆ ಸರಕನ್ನು ಜೋಡಿಸುವ ವರಸೆ ಮಾತ್ರ ಅವರದೇ. ರಸಿಕ ಪಳಗಬೇಕಾದದ್ದು ಆ ಜೋಡಣೆಯನ್ನು ಗುರುತಿಸುವುದರಲ್ಲಿ.

ಇಲ್ಲಿಂದ ಹೋದವರು, ಇಲ್ಲಿಗೆ ಬಂದವರು

ಸಿದ್ದಿಗಳ ಪಾಡು ಸ್ಪಷ್ಟವಾಗಬೇಕಾದರೆ ಅದೇ ಹಿಂದೂ ಮಹಾಸಾಗರವನ್ನು ಎದುರು ದಿಕ್ಕಿನಲ್ಲಿ ದಾಟಿದವರನ್ನೂ ನೋಡಬೇಕು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದ ಹೊತ್ತಿಗೆ ಕಬ್ಬಿನ ತೋಟದ ಒಡೆಯರಿಗೆ ಕೂಲಿಗಳು ಬೇಕಾದರು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಭಾರತೀಯರನ್ನು ಹಡಗು ಹತ್ತಿಸುವ ಪದ್ಧತಿ ಶುರುವಾಯಿತು. ‘ಅಟ್ಲಾಸ್’ ಹಡಗು ಮಾರಿಷಸ್ ಮುಟ್ಟಿದ್ದು 1834ರ ನವೆಂಬರ್ 2ರಂದು, ‘ಫತೇಲ್ ರಜಾಕ್’ ಟ್ರಿನಿಡಾಡ್ ಮುಟ್ಟಿದ್ದು 1845ರ ಮೇ 30ರಂದು. ಮದರಾಸಿನಿಂದ ಹೊರಟ ‘ಟ್ರೂರೋ’ 1860ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕದ ನಟಾಲ್‌ಗೆ, ‘ಲಾಲಾ ರೂಖ್’ 1873ರಲ್ಲಿ ಸುರಿನಾಮ್‌ಗೆ, ‘ಲಿಯೊನಿಡಾಸ್’ 1879ರಲ್ಲಿ ಫಿಜಿಗೆ ತಲುಪಿದವು. ಹೋದವರಲ್ಲಿ ಭೋಜಪುರಿ ಸೀಮೆಯವರು, ತಮಿಳರು, ತೆಲುಗರೇ ಬಹಳ. ಕನ್ನಡಿಗರ ಪಾಲು ಅಲ್ಪ. ಕರಾರಿನ ಇಂಗ್ಲಿಷ್ ಹೆಸರೇ ಜನರ ಬಾಯಲ್ಲಿ ‘ಗಿರ್ಮಿಟ್’ ಆಗಿ, ಹೋದವರು ಗಿರ್ಮಿಟಿಯಾಗಳಾದರು. ಹುಬ್ಬಳ್ಳಿ-ಗದಗ ಕಡೆಯ ಚುರುಮುರಿ ಗಿರ್ಮಿಟ್ಟಿಗೂ ಇದಕ್ಕೂ ಗಂಟು ಹಾಕುವ ಅಗತ್ಯವಿಲ್ಲ.

ಗಿರ್ಮಿಟಿಯಾಗಳಿಗೂ ಸಿದ್ದಿಗಳಿಗೂ ಇರುವ ದೊಡ್ಡ ವ್ಯತ್ಯಾಸ ಕಾಗದದ್ದು. ಹಡಗು ಹತ್ತಿದ ಪ್ರತಿ ಕೂಲಿಯ ಹೆಸರು, ತಂದೆಯ ಹೆಸರು, ಊರು, ಜಾತಿ ದಾಖಲೆಯಲ್ಲಿ ಬಿದ್ದವು. ನೂರೈವತ್ತು ವರ್ಷದ ಮೇಲೆ ಅವರ ಮರಿಮಕ್ಕಳು ಆ ಪಟ್ಟಿ ಹಿಡಿದು ಬಿಹಾರದ ಹಳ್ಳಿ ಹುಡುಕಿಕೊಂಡು ಬಂದದ್ದುಂಟು. ಅವರ ಗಂಟಿನಲ್ಲಿ ತುಳಸೀದಾಸರ ರಾಮಚರಿತಮಾನಸವೂ ಇತ್ತು. ಫಿಜಿಯಲ್ಲಿ ಊರಿಗೊಂದು ರಾಮಾಯಣ ಮಂಡಳಿ ಹುಟ್ಟಿ, ವಾರಕ್ಕೊಮ್ಮೆ ಸೇರಿ ಓದುವ ರೂಢಿ ಬಂತು; ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಹುಟ್ಟಿದ ಕುಮಾರವ್ಯಾಸ ಭಾರತವನ್ನು ಗುಡಿ ಚಾವಡಿಗಳಲ್ಲಿ ಓದಿಸಿ ಕೇಳುತ್ತಿದ್ದ ನಾಡಿನವರಿಗೆ ಅದು ತಿಳಿಯದ ವಿಷಯವಲ್ಲ. ಸಿದ್ದಿಗಳ ಪೂರ್ವಜರಿಗೆ ಪಟ್ಟಿಯೂ ಇಲ್ಲ, ಪೊತ್ತಗೆಯೂ ಇಲ್ಲ. ಬಂದರಿನಲ್ಲೇ ಹೆಸರು ಬದಲಾಯಿತು, ಹುಟ್ಟೂರಿನ ಸುಳಿವು ಅಳಿಯಿತು. ಓದಿ ಉಳಿಸಿಕೊಳ್ಳುವುದಕ್ಕೆ ಏನೂ ಇಲ್ಲದವರು ಮೈಯಲ್ಲಿ ಉಳಿಸಿಕೊಂಡರು: ಕೈಯ ಪೆಟ್ಟು, ಮೊಣಕಾಲಿನ ಬಾಗು, ಬಣ್ಣ ಹೊಂದಿಸುವ ಕಣ್ಣು. ಗಿರ್ಮಿಟಿಯಾಗಳ ಕಲೆಯನ್ನು ಪಠ್ಯದಿಂದ ಶುರುಮಾಡಿ ಅರ್ಥ ಮಾಡಿಕೊಳ್ಳಬಹುದು. ಸಿದ್ದಿಗಳ ಕಲೆಯನ್ನು ಹಾಗೆ ಹಿಡಿಯಲು ಹೋದರೆ ಕೈಗೆ ಏನೂ ಸಿಗುವುದಿಲ್ಲ.

ಆದರೂ ಗಿರ್ಮಿಟಿಯಾಗಳ ಸಂಗೀತ ಕಲಿಸುವ ಪಾಠವೊಂದಿದೆ. ಟ್ರಿನಿಡಾಡಿನ ತಾಸಾ ಮೇಳ ಅಲ್ಲಿಯ ಮೊಹರಂನಿಂದ, ಅವರ ಬಾಯಲ್ಲಿ ‘ಹೊಸೆ’ಯಿಂದ, ಬೆಳೆದದ್ದು. ಮಡಕೆಯಾಕಾರದ ಆ ಚರ್ಮವಾದ್ಯವನ್ನು ಬೆಂಕಿಗೆ ಹಿಡಿದು ಕಾಸಿ, ಚರ್ಮ ಬಿಗಿದು ದನಿ ಏರಿದ ಮೇಲೆ ಬಾರಿಸುತ್ತಾರೆ. ಅಲಾಯಿ ಹಬ್ಬದ ರಾತ್ರಿ ಹಲಗಿ ಕಾಸುವುದನ್ನು ಕಂಡ ಗದಗ-ಬೆಟಗೇರಿಯವರಿಗೆ ಈ ಬೆಂಕಿಯ ಗುರುತಿದೆ. ಇಂದು ಅದೇ ತಾಸಾ ಹಿಂದೂ ಮದುವೆಯ ಮೆರವಣಿಗೆಯಲ್ಲೂ ಮೊಳಗುತ್ತದೆ, ಅಲ್ಲಿಯ ಕಾರ್ನಿವಲ್ ಲಯಗಳನ್ನೂ ಒಳಗೆ ಸೇರಿಸಿಕೊಂಡಿದೆ. ಸುರಿನಾಮಿನ ಬೈಠಕ್ ಗಾನದಲ್ಲಿ ಹಾರ್ಮೋನಿಯಂ, ಢೋಲಕದ ಜೊತೆ ‘ದಂತಾಲ’ ಎಂಬ ಉಕ್ಕಿನ ಉದ್ದ ಸರಳು ಇರುತ್ತದೆ; ಕುದುರೆ ಲಾಳದ ಆಕಾರದ ತುಂಡಿನಿಂದ ಅದನ್ನು ಬಡಿದು ತಾಳ ಹಿಡಿಯುತ್ತಾರೆ. ಟ್ರಿನಿಡಾಡಿನ ಗಾಯಕ ಸುಂದರ್ ಪೋಪೋ 1970ರ ಸುಮಾರಿಗೆ ಹಿಂದಿ ಮತ್ತು ಅಲ್ಲಿಯ ಇಂಗ್ಲಿಷನ್ನು ಒಂದೇ ಹಾಡಿನಲ್ಲಿ ಬೆರೆಸಿ ಹಾಡಿದ ಮೇಲೆ ‘ಚಟ್ನಿ’ ಸಂಗೀತ ಮನೆಮನೆಗೆ ಮುಟ್ಟಿತು. ಮಾರಿಷಸ್‌ನಲ್ಲಿ ಮದುವೆಗೆ ಮುನ್ನ ಹೆಂಗಸರು ಲೋಟ ಚಮಚ ಬಡಿಯುತ್ತ, ಢೋಲಕ ಬಾರಿಸುತ್ತ ಹಾಡುವ ‘ಗೀತ್ ಗವಾಯಿ’ಯನ್ನು ಯುನೆಸ್ಕೋ 2016ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ನಟಾಲಿನ ತಮಿಳರು ತೆರುಕ್ಕೂತ್ತನ್ನು ‘ಆರಡಿ ಕುಣಿತ’ ಎಂಬ ಅರ್ಥದ ಇಂಗ್ಲಿಷ್ ಹೆಸರಿನಲ್ಲಿ ಇರುಳಿಡೀ ಆಡಿದರು. ಬಂದದ್ದು ಬಂದ ಹಾಗೆಯೇ ಉಳಿದದ್ದು ಎಲ್ಲೂ ಇಲ್ಲ. ಹೊಸ ನೆಲದ ವಸ್ತು, ಹೊಸ ನೆರೆಯವರ ಲಯ ಒಳಗೆ ಬಂದ ಕಡೆಯೇ ಕಲೆ ಗಟ್ಟಿಯಾಗಿ ನಿಂತಿದೆ. ಸಿದ್ದಿಗಳನ್ನು ನೋಡುವಾಗಲೂ ಈ ಅಳತೆ ಸಾಕು. ಎಷ್ಟು ಶುದ್ಧ ಎಂಬ ಪ್ರಶ್ನೆ ಕೈಬಿಡುವುದು ಲೇಸು.

ವಾದ್ಯಗಳು

ಡಮಾಮಿಯ ಒಡಲು ಕೊರೆದ ಮರದ್ದು, ಎರಡು ಬದಿಗೂ ಚರ್ಮ. ಅದನ್ನು ಅಡ್ಡ ಇಟ್ಟುಕೊಂಡು ಬಾರಿಸುತ್ತಾರೆ. ಹಿಂದೆ ಜಿಂಕೆಯಂಥ ಬೇಟೆಯ ಪ್ರಾಣಿಗಳ ಚರ್ಮ ಬಳಸುತ್ತಿದ್ದರು. ಬೇಟೆ ಮುಗಿಸಿ ಬಂದ ರಾತ್ರಿಯೇ ಡಮಾಮಿಯ ರಾತ್ರಿಯಾಗುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ದಾರಿ ಮುಚ್ಚಿತು. ಜೊತೆವಾದ್ಯ ಗುಮಟೆಯದೂ ಅದೇ ಕತೆ. ಮಣ್ಣಿನ ಗಡಿಗೆಯ ಒಂದು ಬಾಯಿಗೆ ಉಡದ ಚರ್ಮ ಬಿಗಿದು, ಇನ್ನೊಂದು ಬಾಯನ್ನು ಅಂಗೈಯಿಂದ ಮುಚ್ಚಿ ತೆರೆಯುತ್ತ ದನಿಯನ್ನು ಏರಿಳಿಸುವ ಈ ವಾದ್ಯ ಉತ್ತರ ಕನ್ನಡದ ಹಾಲಕ್ಕಿಗಳಲ್ಲಿ, ಇತರ ಸಮುದಾಯಗಳಲ್ಲಿ, ಗೋವೆಯಲ್ಲಿ ಎಲ್ಲೆಲ್ಲೂ ಇದೆ. ಉಡದ ಚರ್ಮಕ್ಕೆ ನಿಷೇಧ ಬಂದ ಮೇಲೆ ಮೇಕೆಯ ಚರ್ಮ ಬಂತು, ದನಿ ತುಸು ಮಂದವಾಯಿತು. ಗೋವಾ ಸರ್ಕಾರ 2019ರಲ್ಲಿ ಗುಮಟೆಯನ್ನು ಪಾರಂಪರಿಕ ವಾದ್ಯವೆಂದು ಘೋಷಿಸಿತು. ಗುಮಟೆ ಸಿದ್ದಿಗಳದ್ದಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಡಮಾಮಿಯ ದಪ್ಪ ದನಿಗೆ ಗುಮಟೆಯ ಚುರುಕು ದನಿ ಎದುರಾಗಿ ನಿಲ್ಲುವುದನ್ನು ಒಮ್ಮೆ ಕೇಳಿದವರು ಆ ಮಾತು ಆಡಲಾರರು.

ಕೇಳುವ ಬಗೆ

ಗದಗಿನ ಕಿವಿ ಪಳಗಿದ ಕಿವಿ. ಭೀಮಸೇನ ಜೋಶಿಯವರು ಹುಟ್ಟಿದ ನೆಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಮಕ್ಕಳಿಗೆ ಸ್ವರ ಕಲಿಸಿದ ಊರು. ಆದರೆ ಖಯಾಲ್ ಕೇಳಿ ಪಳಗಿದ್ದೇ ಇಲ್ಲಿ ಮೊದಲ ಅಡ್ಡಿ. ಖಯಾಲ್ ಕೇಳುವವನು ಒಬ್ಬ ಗಾಯಕನ ಮೇಲೆ ಗಮನ ಇಟ್ಟು, ರಾಗ ನಿಧಾನ ಬಿಚ್ಚಿಕೊಳ್ಳುವುದನ್ನು ಕಾಯುತ್ತಾನೆ; ಸಮ್ ಬಂದಾಗ ತಲೆದೂಗುತ್ತಾನೆ. ಡಮಾಮಿಯಲ್ಲಿ ರಾಗ ಬಿಚ್ಚಿಕೊಳ್ಳುವುದಿಲ್ಲ. ಧಾಟಿ ಚಿಕ್ಕದು, ನಾಲ್ಕಾರು ಸ್ವರಗಳೊಳಗೇ ಸುತ್ತುತ್ತದೆ. ಒಂದೇ ಸಾಲು ಹತ್ತು ಸಲ, ಇಪ್ಪತ್ತು ಸಲ ಬರುತ್ತದೆ. ಮೊದಲ ಸಲ ಕೇಳುವವನಿಗೆ ಬೇಸರ ಬಂದರೆ ಆಶ್ಚರ್ಯವಿಲ್ಲ. ಅವನು ತಪ್ಪು ಕಡೆಗೆ ಕಿವಿ ಕೊಟ್ಟಿದ್ದಾನೆ, ಅಷ್ಟೇ.

ಕಿವಿ ಇಡಬೇಕಾದ ಮೊದಲ ಜಾಗ ಮುಂದಾಳು ಮತ್ತು ಮೇಳದ ನಡುವಿನ ಸಂದು. ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಹಿಡಿಯುತ್ತಾರೆ. ಬಯಲು ಸೀಮೆಯ ಭಜನಾ ಮೇಳದಲ್ಲೂ ಇದೇ ಕ್ರಮ, ಹೊಸದೇನು ಎನಿಸಬಹುದು. ಹೊಸದು ಸಂದಿನಲ್ಲಿದೆ. ಮೇಳದವರು ಸಾಲು ಮುಗಿಸುವ ಮುನ್ನವೇ ಮುಂದಾಳು ಮುಂದಿನದನ್ನು ಎತ್ತಿಬಿಡುತ್ತಾಳೆ. ಒಂದೆರಡು ಕ್ಷಣ ಎರಡು ದನಿಗಳು ಒಂದರ ಮೇಲೊಂದು ಬೀಳುತ್ತವೆ. ಹಾಡು ಕಾವೇರಿದಂತೆ ಈ ಮೇಲುಬೀಳು ಉದ್ದವಾಗುತ್ತದೆ. ಕಾವು ಏರಿದೆಯೋ ಇಲ್ಲವೋ ಎಂದು ತಿಳಿಯಲು ಗತಿಗಿಂತ ಒಳ್ಳೆಯ ಗುರುತು ಇದು.

ಎರಡನೆಯದು ಪೆಟ್ಟು. ಡಮಾಮಿ ಹೊರಡಿಸುವ ದಪ್ಪ ಪೆಟ್ಟನ್ನು ಮಾತ್ರ ಹಿಡಿದು ಕೆಲಹೊತ್ತು ತೊಡೆ ತಟ್ಟಿಕೊಳ್ಳಬೇಕು. ಆಮೇಲೆ ಅದನ್ನು ಬಿಟ್ಟು ಗುಮಟೆಯನ್ನು ಮಾತ್ರ ಹಿಡಿಯಬೇಕು. ಎಣಿಕೆಯನ್ನು ಒಮ್ಮೆ ಎರಡೆರಡಾಗಿ, ಒಮ್ಮೆ ಮೂರುಮೂರಾಗಿ ಹಾಕಿ ನೋಡುವುದು ಒಳ್ಳೆಯ ಅಭ್ಯಾಸ. ಯಾವುದಕ್ಕೆ ಕಾಲು ಒಪ್ಪುತ್ತದೋ ಅದು ಸರಿ. ಆವರ್ತ ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು ಹುಡುಕುವುದನ್ನು ಆಮೇಲೆ ಬಿಟ್ಟುಬಿಡಬಹುದು. ಕುಣಿಯುವವರ ಕಾಲೇ ಉತ್ತಮ ತಾಳಪಟ್ಟಿ. ವಾದಕರು ನೋಡುವುದೂ ಅದನ್ನೇ: ಕುಣಿಯುವವಳು ಹೆಜ್ಜೆ ಬದಲಿಸಿದರೆ ಪೆಟ್ಟು ಬದಲಾಗುತ್ತದೆ, ಪೆಟ್ಟು ಬದಲಾದರೆ ಹೆಜ್ಜೆ. ಯಾರು ಯಾರನ್ನು ನಡೆಸುತ್ತಿದ್ದಾರೆ ಎಂಬುದನ್ನು ಪತ್ತೆ ಹಚ್ಚುವುದೇ ಈ ಕಲೆಯ ಅರ್ಧ ಸುಖ.

ಹಾಡಿನ ಮಾತು ಬಹಳ ಸರಳ. ಕಾಡು, ಕೆಲಸ, ಹಕ್ಕಿ ಪ್ರಾಣಿ, ನೆಂಟರ ಗೇಲಿ, ದೇವರು, ಹಿರಿಯರು. ಕೊಂಕಣಿ ಬಾರದವರು ಅರ್ಥ ಕೇಳಿ ತಿಳಿದುಕೊಳ್ಳಬಹುದು. ಆದರೆ ಅದಕ್ಕಾಗಿ ಹಾಡನ್ನು ನಿಲ್ಲಿಸಬಾರದು. ಪದಗಳಲ್ಲಿ ಗೂಢವೇನೂ ಇರುವುದಿಲ್ಲ, ಅಂಗಳದಲ್ಲಿ ಕೂತ ಯಾರನ್ನಾದರೂ ಚುಚ್ಚುವ ತಮಾಷೆ ಇರಬಹುದು. ಎಲ್ಲರೂ ಒಮ್ಮೆಗೇ ನಕ್ಕರೆ ಅಂಥದ್ದೊಂದು ಸಾಲು ಬಂತೆಂದು ತಿಳಿಯಬೇಕು. ಸಿದ್ಧಪಾಠ ಇಲ್ಲದ ಹಾಡಿಗೆ ಇದು ಬಲ. ಅದೇ ಸಾಲನ್ನು ಮರುದಿನ ಬರೆಸಿಕೊಂಡು ಬಂದರೆ ಕಾಗದದ ಮೇಲೆ ಅದು ಪೇಲವವಾಗಿ ಕಾಣುತ್ತದೆ, ಜಾನಪದ ಸಂಗ್ರಹಕಾರರಿಗೆ ಹೊಸತಲ್ಲದ ಪೇಚು.

ನೋಡುವ ಬಗೆ

ಹೆಣ್ಣು ಗಂಡು ಇಬ್ಬರೂ ಕುಣಿಯುತ್ತಾರೆ. ಬಯಲು ಸೀಮೆಯ ಡೊಳ್ಳು, ಹೆಜ್ಜೆಮೇಳಗಳಲ್ಲಿ ಸಾಲು, ವೃತ್ತ, ಒಂದೇ ಹೆಜ್ಜೆಯ ಶಿಸ್ತು ಎದ್ದು ಕಾಣುತ್ತದೆ. ಎಲ್ಲರ ಕಾಲೂ ಒಂದೇ ಸಲ ಎದ್ದರೆ ಅದು ಸೊಗಸು. ಡಮಾಮಿಯಲ್ಲಿ ಒಬ್ಬೊಬ್ಬರ ಮೈ ಬೇರೆ ಬೇರೆ ಮಾಡುತ್ತದೆ. ಮೊಣಕಾಲು ಬಾಗಿ, ಸೊಂಟದಿಂದ ಮೇಲಿನ ಮೈ ತುಸು ಮುಂದಕ್ಕೆ ಬಾಗಿರುತ್ತದೆ. ಭುಜ ಒಂದು ಲಯ ಹಿಡಿದರೆ ಸೊಂಟ ಇನ್ನೊಂದು ಹಿಡಿಯುತ್ತದೆ. ಒಬ್ಬಾಕೆ ಮುಂದೆ ಬಂದು ನಾಲ್ಕು ಸುತ್ತು ಕುಣಿದು ಇನ್ನೊಬ್ಬರನ್ನು ಎಳೆದು ತಂದು ತಾನು ಹಿಂದೆ ಸರಿಯುತ್ತಾಳೆ. ನಡುವೆ ಕರಡಿಯೋ ಮಂಗವೋ ಹಕ್ಕಿಯೋ ಮೈಮೇಲೆ ಬಂದಂತೆ ಅಣಕಿಸುವವರುಂಟು. ನಕ್ಕು ಸುಮ್ಮನಾಗುವ ಮುನ್ನ ಆ ಅಣಕ ತಾಳ ಬಿಡದೆ ನಡೆಯುವುದನ್ನು ಗಮನಿಸಬೇಕು. ಹೆಂಗಸರಷ್ಟೇ ಆಡುವ ಪುಗಡಿಯೂ ಇದೆ. ಕೈ ಕೈ ಹಿಡಿದು ತಿರುಗುವ ಪುಗಡಿ ಗೋವೆಯಲ್ಲೂ ಇದೆ, ಉತ್ತರ ಕರ್ನಾಟಕದ ಹುಡುಗಿಯರೂ ಆಡುತ್ತಾರೆ. ಸಿದ್ದಿ ಹೆಂಗಸರದ್ದರಲ್ಲಿ ಬಾಯಿಂದ ಹೊರಡಿಸುವ ಉಸಿರಿನ ಸದ್ದೇ ತಾಳವಾಗಿ ನಿಲ್ಲುವುದನ್ನು ಕೇಳಬೇಕು.

ಉತ್ಸವಗಳ ವೇದಿಕೆಯ ಮೇಲೆ ಸಿದ್ದಿ ತಂಡಗಳು ಸೊಪ್ಪು ಕಟ್ಟಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು ಕುಣಿಯುವುದು ಈಗ ರೂಢಿ. ಸರ್ಕಾರಿ ಮೆರವಣಿಗೆಗಳು ಅದನ್ನೇ ಕೇಳುತ್ತವೆ, ಕ್ಯಾಮೆರಾಗಳೂ ಅದನ್ನೇ ಬಯಸುತ್ತವೆ. ಮನೆಯ ಅಂಗಳದಲ್ಲಿ ಕುಣಿಯುವವರು ಸೀರೆ, ಲುಂಗಿ, ಅಂಗಿಯಲ್ಲೇ ಕುಣಿಯುತ್ತಾರೆ. ಸೊಪ್ಪಿನ ವೇಷ ಕೆಟ್ಟದ್ದೇನಲ್ಲ, ತಂಡಕ್ಕೆ ಅದರಿಂದ ನಾಲ್ಕು ಕಾಸು ಸಿಗುತ್ತದೆ. ಆದರೆ ಅದು ಪ್ರೇಕ್ಷಕರು ಮನಸ್ಸಿನಲ್ಲಿ ಇಟ್ಟುಕೊಂಡ ಆಫ್ರಿಕಾದ ಚಿತ್ರಕ್ಕೆ ಹೊಲಿಸಿದ ಬಟ್ಟೆ, ಸಿದ್ದಿಗಳ ನೆನಪಿನಿಂದ ಬಂದದ್ದಲ್ಲ. ವೇದಿಕೆಯ ಹತ್ತು ನಿಮಿಷದ ಪ್ರದರ್ಶನಕ್ಕೆ ಇನ್ನೊಂದು ಕೊರತೆಯಿದೆ. ಅಂಗಳದಲ್ಲಿ ಮೊದಲ ಅರ್ಧ ಗಂಟೆ ಹಾಡು ಮೇಲೇಳುವುದೇ ಇಲ್ಲ. ಕೂತವರು ಮಾತಾಡುತ್ತಾರೆ, ಮಕ್ಕಳು ಡಮಾಮಿ ಬಡಿದು ಬೈಸಿಕೊಳ್ಳುತ್ತಾರೆ. ಆ ಮಂದ ಆರಂಭ ಇಲ್ಲದೆ ಮುಂದಿನ ಕಾವು ತಿಳಿಯುವುದಿಲ್ಲ. ವೇದಿಕೆ ಅದನ್ನು ಕತ್ತರಿಸಿ ಹಾಕಿ ಕಾವನ್ನೇ ನೇರ ಬಡಿಸುತ್ತದೆ.

ಮದುವೆ, ಹೋಳಿಯ ಸುತ್ತಲಿನ ಶಿಗ್ಮೋ, ಹಬ್ಬಗಳಲ್ಲಿ ಡಮಾಮಿ ಮೊಳಗುತ್ತದೆ. ಮನೆಯೊಳಗೆ ‘ಹಿರಿಯರು’ ಎಂದು ಸತ್ತ ಪೂರ್ವಜರನ್ನು ಪೂಜಿಸುವ ಜಾಗವಿರುತ್ತದೆ. ಯಲ್ಲಾಪುರದ ಕಡೆಯ ಸಾತುಂಬೈಲಿನ ಕಾಡಿನಲ್ಲಿ ‘ಸಿದ್ದಿ ನಾಸ’ ಎಂಬ ದೈವದ ನೆಲೆಯಿದೆ. ಸಿದ್ದಿಗಳು ಅಲ್ಲಿ ಧರ್ಮದ ಗೆರೆ ನೋಡದೆ ಕೂಡುತ್ತಾರೆ. ಹೊರಗಿನವರು ಅಲ್ಲಿಗೆ ಹೋಗುವುದಾದರೆ ನೆಂಟರಾಗಿ ಹೋಗಬೇಕು, ಪ್ರೇಕ್ಷಕರಾಗಿ ಅಲ್ಲ.

ಹಾಡು ಕುಣಿತಗಳ ಜೊತೆಗೆ ನಾಟಕವೂ ಬೆಳೆದಿದೆ. ಮಂಚಿಕೇರಿ ಸುತ್ತಲಿನ ಸಿದ್ದಿಗಳು ಯಕ್ಷಗಾನ ಕಲಿತು ಆಡಿದರು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಸಂಪರ್ಕದಿಂದ ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಸಿದ್ದಿಗಳೇ ಕನ್ನಡದಲ್ಲಿ ಆಡಿದರು. ನಿರ್ದೇಶನ ಚಿದಂಬರರಾವ್ ಜಂಬೆ ಅವರದು. ಆಫ್ರಿಕಾದ ಕತೆ ಎಂಬ ಕಾರಣಕ್ಕೆ ಅವರಿಗೆ ಅದು ಸಹಜವಾಗಿ ಬಂತು ಎಂದು ಹೊಗಳುವುದು ಸುಲಭ. ಮೊಜಾಂಬಿಕ್ಕಿಗೂ ನೈಜೀರಿಯಾಕ್ಕೂ ಇರುವ ದೂರ ಗದಗಿಗೂ ಕಾಬೂಲಿಗೂ ಇರುವ ದೂರಕ್ಕಿಂತ ಹೆಚ್ಚು. ಅವರ ಆಟ ಕಳೆಗಟ್ಟಲು ಯಕ್ಷಗಾನದಲ್ಲಿ ಪಳಗಿದ ಮೈ, ಡಮಾಮಿಯಲ್ಲಿ ಪಳಗಿದ ಕಾಲು ಸಾಕಿತ್ತು. ನೀನಾಸಂನಲ್ಲಿ ಕಲಿತ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಮೊದಲಾದವರು ಇಂದು ರಂಗಭೂಮಿ, ಸಿನಿಮಾಗಳಲ್ಲಿ ಹೆಸರಾಗಿದ್ದಾರೆ.

ಕವಂದಿ

ಕವಂದಿ ನೋಡುವುದಕ್ಕೆ ಬಯಲು ಸೀಮೆಯವರಿಗೆ ಪೂರ್ವ ತಯಾರಿ ಚೆನ್ನಾಗಿಯೇ ಇದೆ. ಹಳೆ ಸೀರೆ, ಧೋತರ ಪದರ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ನಾಲ್ಕಾರು ಹೆಂಗಸರು ಸುತ್ತ ಕೂತು ಹೊಲಿದ ಕೌದಿ ಹೊದ್ದು ಮಲಗದೆ ಬೆಳೆದವರು ಈ ಕಡೆ ಕಡಿಮೆ. ಆ ಕೌದಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕವಂದಿಯ ಮುಂದೆ ಕೂರಬೇಕು.

ಮೊದಲು ಅಂಚು ನೋಡಬೇಕು. ಹೊಲಿಯುವಾಕೆ ತಳಕ್ಕೆ ಒಂದು ಸೀರೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ತುಂಡುಗಳನ್ನು ಇಡುತ್ತ, ದಾರ ಓಡಿಸುತ್ತ ಸುತ್ತು ಬರುತ್ತಾಳೆ. ಒಂದು ಸುತ್ತು ಮುಗಿದ ಮೇಲೆ ಅದರ ಒಳಗಿನ ಸುತ್ತು. ಹೀಗೆ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾಳೆ. ಮೊದಲೇ ಬಿಡಿಸಿದ ನಕ್ಷೆ ಇರುವುದಿಲ್ಲ. ಮುಂದಿನ ತುಂಡು ಯಾವುದು ಎಂಬುದು ಹಿಂದಿನ ತುಂಡು ಹೊಲಿದ ಮೇಲೆ ತೀರ್ಮಾನವಾಗುತ್ತದೆ. ಹೊಲಿಗೆಯ ಸಾಲನ್ನು ಬೆರಳಿನಿಂದ ಹಿಡಿದು ಹೊರ ಅಂಚಿನಿಂದ ನಡುವಿನವರೆಗೆ ಬಂದರೆ ಅವಳು ಕೂತ ದಿನಗಳನ್ನೇ ದಾಟಿಬಂದಂತೆ. ಕೆಲವೆಡೆ ಸಾಲು ಬಿಗಿ, ಕೆಲವೆಡೆ ಸಡಿಲ. ಒಂದು ಬದಿಯಲ್ಲಿ ಬೇರೆ ಕೈ ಸೇರಿದ್ದೂ ತಿಳಿಯುತ್ತದೆ.

ಬಣ್ಣ ಎರಡನೆಯದು. ದೂರ ನಿಂತು ಒಟ್ಟಾರೆ ನೋಡಬೇಕು. ಕೆಂಪಿನ ಪಕ್ಕ ಕೆಂಪಿಗೆ ಒಗ್ಗದ ಹಸಿರು, ಹೂವಿನ ಸೀರೆಯ ಪಕ್ಕ ಪಟ್ಟೆಯ ಅಂಗಿ, ಸಾಲು ನೇರ ಹೋಗುತ್ತಿದೆ ಎನ್ನುವಾಗಲೇ ಅದನ್ನು ಒಡೆಯುವ ಸಣ್ಣ ಹಳದಿ ಚೌಕ. ಸಮ್ಮಿತಿ ಸಿಗಲಿಲ್ಲ ಎಂದು ಹುಡುಕುತ್ತ ಕೂತರೆ ಕವಂದಿ ಕೈಗೆ ಸಿಗುವುದಿಲ್ಲ. ಸಮ್ಮಿತಿಯನ್ನು ಕೆಡಿಸುವುದರಲ್ಲೇ ಅದರ ಲಯವಿದೆ. ಡಮಾಮಿಯಲ್ಲಿ ಕಿವಿ ಕಲಿತ ಪಾಠವನ್ನು ಕಣ್ಣು ಇಲ್ಲಿ ಒಪ್ಪಿಕೊಳ್ಳುತ್ತದೆ.

ಆಮೇಲೆ ಮೂಲೆಗಳು. ಒಳ್ಳೆಯ ಕವಂದಿಯ ನಾಲ್ಕೂ ಮೂಲೆಯಲ್ಲಿ ಬಟ್ಟೆಯನ್ನು ಮಡಿಸಿ ಮಡಿಸಿ ಮಾಡಿದ, ಪದರ ಪದರದ ತ್ರಿಕೋನಗಳಿರುತ್ತವೆ. ಅವಕ್ಕೆ ‘ಫೂಲ’ ಎನ್ನುತ್ತಾರೆ. ಫೂಲ ಇಲ್ಲದ ಕವಂದಿ ಬರಿಮೈಯದು, ಅರೆಬರೆ ಎಂಬುದು ಹೊಲಿಯುವವರ ಮಾತು. ಹೊದೆಯುವುದಕ್ಕೆ ಫೂಲದಿಂದ ಉಪಯೋಗವೇನೂ ಇಲ್ಲ. ಹಾಗಾಗಿಯೇ ಅದು ಹೊಲಿಯುವಾಕೆಯ ಕೈಯ ಗುರುತು. ಮುಸ್ಲಿಂ ಮನೆಗಳ ಕವಂದಿಯಲ್ಲಿ ಚಂದ್ರನ ಆಕಾರ, ಕ್ರೈಸ್ತರ ಮನೆಯದರಲ್ಲಿ ಶಿಲುಬೆ ಕಾಣಿಸುವುದುಂಟು. ತೊಟ್ಟಿಲು ಮಗುವಿನ ಕವಂದಿ ಚಿಕ್ಕದು, ತುಂಡುಗಳೂ ಚಿಕ್ಕವು, ಬಣ್ಣ ಬಹಳ ಗಾಢ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕಲೆಯನ್ನು ಕುರಿತು ಕೆಲಸ ಮಾಡಿದರು. 2000ದ ದಶಕದಲ್ಲಿ ಮುಂಡಗೋಡ ತಾಲ್ಲೂಕಿನ ಮೈನಳ್ಳಿ ಮೊದಲಾದ ಊರುಗಳ ಹೆಂಗಸರು ಸೇರಿ ಕವಂದಿ ಹೊಲಿದು ಮಾರುವ ಕೂಟ ಕಟ್ಟಲು ಅದು ನೆರವಾಯಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಗೋಡೆಗೆ ತೂಗುಹಾಕಿದ ಕವಂದಿ ಚಿತ್ರದಂತೆ ಕಾಣುತ್ತದೆ, ನಿಜ. ಆದರೆ ಅದರ ತೂಕ ಗೋಡೆಯ ಮೇಲೆ ತಿಳಿಯುವುದಿಲ್ಲ. ಕವಂದಿ ಮಡಚಿಟ್ಟಾಗ, ಒಗೆದು ಬಿಸಿಲಿಗೆ ಹರವಿದಾಗ, ಮಳೆಗಾಲದ ರಾತ್ರಿ ಹೊದ್ದಾಗ ಬೇರೆ ಬೇರೆ ಬಗೆಯಲ್ಲಿ ಕಾಣುವ ವಸ್ತು. ಕೈಯಲ್ಲಿ ಹಿಡಿದು, ಹಿಂಬದಿಯ ಸೀರೆಯ ಮೇಲೆ ಎದ್ದಿರುವ ಹೊಲಿಗೆಯ ಸಾಲನ್ನೂ ನೋಡಬೇಕು. ಕೆಲವು ಕವಂದಿಗಳ ಹಿಂಬದಿಯೇ ಮುಂಬದಿಗಿಂತ ಚೆಂದ.

ಹೋಗುವವರಿಗೆ ನಾಲ್ಕು ಮಾತು

ಗದಗಿನಿಂದ ಹೊರಟವರಿಗೆ ಹುಬ್ಬಳ್ಳಿ, ಕಲಘಟಗಿ ದಾಟಿ ಯಲ್ಲಾಪುರ ಮೊದಲ ನಿಲುಗಡೆ. ಮಂಚಿಕೇರಿ, ಮುಂಡಗೋಡ, ಹಳಿಯಾಳಗಳು ಅದರ ಸುತ್ತಲಿವೆ. ಮಳೆಗಾಲದಲ್ಲಿ ಒಳದಾರಿಗಳು ಕೆಡುತ್ತವೆ. ಗೊತ್ತಿದ್ದವರ ಮೂಲಕ ಹೇಳಿಕಳಿಸಿ ಹೋಗುವುದು ಲೇಸು. ಹಾಡಿಸಿಕೊಂಡರೆ ಸಂಭಾವನೆ ಕೊಡುವುದು ಕ್ರಮ, ಅದನ್ನು ಹಾಡಿನ ಮುಂಚೆಯೇ ಮಾತಾಡಿಕೊಂಡರೆ ಇಬ್ಬರಿಗೂ ಮುಜುಗರವಿಲ್ಲ. ಫೋನಿನಲ್ಲಿ ಚಿತ್ರೀಕರಿಸುವ ಮುನ್ನ ಕೇಳಬೇಕು. ಕೂದಲು ಮುಟ್ಟುವುದು, ಬಣ್ಣದ ಬಗ್ಗೆ ಮಾತಾಡುವುದು, ‘ನಿಮ್ಮ ದೇಶ ಯಾವುದು’ ಎಂದು ಕೇಳುವುದು ಸಿದ್ದಿಗಳು ಬಸ್ಸಿನಲ್ಲಿ, ಸಂತೆಯಲ್ಲಿ ದಿನಾ ಸಹಿಸುವ ಕಾಟ. ರಸಿಕರಾಗಿ ಹೋದವರು ಅದಕ್ಕೆ ಇನ್ನೊಂದು ಸೇರಿಸಬಾರದು. ಕುಣಿಯಲು ಕರೆದರೆ ಎದ್ದು ಹೋಗಬೇಕು, ಹೆಜ್ಜೆ ತಪ್ಪಿದರೆ ನಗುತ್ತಾರೆ, ಅದು ಸ್ವಾಗತದ ನಗು.

ಕವಂದಿ ಕೊಳ್ಳುವವರು ಹೊಲಿದವರಿಂದಲೇ ಕೊಳ್ಳುವುದು ಒಳ್ಳೆಯದು. ದೊಡ್ಡ ಕವಂದಿಗೆ ವಾರಗಟ್ಟಲೆ ಕೈಕೆಲಸ ಹಿಡಿಯುತ್ತದೆ. ಕೂಲಿಯ ದಿನಗಳಿಗೆ ಹೋಲಿಸಿ ಬೆಲೆ ಲೆಕ್ಕ ಹಾಕಿದರೆ ಚೌಕಾಸಿಯ ಮಾತು ತಾನಾಗಿ ನಿಲ್ಲುತ್ತದೆ. ಹೊಸ ಬಟ್ಟೆಯ ತುಂಡುಗಳಿಂದ ಮಾರಾಟಕ್ಕೆಂದೇ ಹೊಲಿದ ಕವಂದಿಯೂ, ಮನೆಯವರ ಹಳೆ ಬಟ್ಟೆಯಿಂದ ಹೊಲಿದದ್ದೂ ಎರಡೂ ಸಿಗುತ್ತವೆ. ಮೊದಲಿನದು ಹೆಚ್ಚು ಕಾಲ ಬಾಳುತ್ತದೆ, ಆದರೆ ಹೊಸ ಬಟ್ಟೆ ಬಣ್ಣ ಬಿಡಬಹುದು. ಅದನ್ನು ಮೊದಲ ಒಗೆತಕ್ಕೆ ತಣ್ಣೀರಿನಲ್ಲಿ ಬೇರೆಯಾಗಿ ನೆನೆಸಿ, ಹಿಂಡದೆ, ನೆರಳಿನಲ್ಲಿ ಹರವಬೇಕು. ಫೂಲದ ಒಳಪದರ ಒಣಗಲು ಉಳಿದ ಭಾಗಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ.